ಪ್ಲಾಸ್ಟಿಕ್ ಕ್ಯಾಮೆರಾ, ಹನ್ನೆರಡು ಫೋಟೋ: ಹೋಲ್ಗಾ ಹಿಡಿಯುವವರಿಗೆ ಸಮಗ್ರ ಮಾರ್ಗದರ್ಶಿ

ನನ್ನ ಮೇಜಿನ ಎದುರು ಗೋಡೆಗೆ ಒಂದು ಚೌಕದ ಫೋಟೋ ಅಂಟಿಸಿದ್ದೇನೆ. ಅಜ್ಜಿ ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದಾರೆ. ಅವರ ಬೆರಳು, ಮೆಟ್ಟುಗತ್ತಿಯ ಅಲಗು, ಮಡಿಲಿಗೆ ಬಿದ್ದ ಸಿಪ್ಪೆ ಸ್ಪಷ್ಟವಾಗಿವೆ. ಅಲ್ಲಿಂದ ಆಚೆಗೆ ಎಲ್ಲವೂ ಮೆಲ್ಲಗೆ ಮಸುಕಾಗುತ್ತ ಹೋಗುತ್ತದೆ. ಜಗಲಿಯ ಕಂಬ ಸ್ವಲ್ಪ ಬಾಗಿದಂತೆ ಕಾಣುತ್ತದೆ. ನಾಲ್ಕೂ ಮೂಲೆಗಳಲ್ಲಿ ಕತ್ತಲು. ಅದೇ ದಿನ, ಅದೇ ಜಾಗದಲ್ಲಿ ಫೋನಿನಲ್ಲೂ ಒಂದು ತೆಗೆದಿದ್ದೆ. ಅದರಲ್ಲಿ ಗೋಡೆಯ ಕ್ಯಾಲೆಂಡರಿನ ತಾರೀಖನ್ನೂ ಓದಬಹುದು. ಆದರೆ ಅದನ್ನು ನಾನು ಮತ್ತೆ ತೆರೆದು ನೋಡಿಲ್ಲ.

ಗೋಡೆಯ ಮೇಲಿರುವುದು ಹೋಲ್ಗಾದಲ್ಲಿ ತೆಗೆದದ್ದು. ಪೂರ್ತಿ ಪ್ಲಾಸ್ಟಿಕ್ ಕ್ಯಾಮೆರಾ, ಲೆನ್ಸೂ ಪ್ಲಾಸ್ಟಿಕ್. ಇಂಥ ಆಟಿಕೆ ಕ್ಯಾಮೆರಾಗಳ ಬಗ್ಗೆ ಒಂದು ಮಾತು ಎಲ್ಲ ಕಡೆ ಓಡಾಡುತ್ತದೆ: ಯೋಚನೆ ಮಾಡಬೇಡಿ, ಸುಮ್ನೆ ಕ್ಲಿಕ್ ಮಾಡಿ, ಏನು ಬರುತ್ತೋ ಬರಲಿ. ನನ್ನ ಅನುಭವ ಇದಕ್ಕೆ ವಿರುದ್ಧ. ಈ ಕ್ಯಾಮೆರಾ ನಿಮಗಾಗಿ ಏನನ್ನೂ ಯೋಚಿಸುವುದಿಲ್ಲ. ಹಾಗಾಗಿ ದೂರ ಮತ್ತು ಬೆಳಕು ಎರಡನ್ನೂ ನೀವೇ ನೋಡಿಕೊಳ್ಳಬೇಕು. ಅದರ ಗುಣ ತಿಳಿದರೆ ಒಳ್ಳೆಯ ಚಿತ್ರ ಬರುತ್ತದೆ. ಆ ಗುಣ ತಿಳಿಯುವ ದಾರಿಯನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಇದು ಎಲ್ಲಿಂದ ಬಂತು

1900ರಲ್ಲಿ ಕೊಡಾಕ್ ಕಂಪನಿ ಒಂದು ಡಾಲರಿಗೆ ಬ್ರೌನಿ ಎಂಬ ಡಬ್ಬಿ ಕ್ಯಾಮೆರಾ ಮಾರಿತು. ಮರುವರ್ಷ ಬಂದ ಎರಡನೇ ನಂಬರಿನ ಬ್ರೌನಿಗಾಗಿ 120 ಎಂಬ ಫಿಲ್ಮ್ ಹುಟ್ಟಿತು. ಹೋಲ್ಗಾದಲ್ಲಿ ಇವತ್ತಿಗೂ ಹಾಕುವುದು ಅದೇ 120.

1960ರ ದಶಕದಲ್ಲಿ ಹಾಂಗ್‌ಕಾಂಗಿನ ಗ್ರೇಟ್ ವಾಲ್ ಪ್ಲಾಸ್ಟಿಕ್ ಫ್ಯಾಕ್ಟರಿ ಡಯಾನಾ ಕ್ಯಾಮೆರಾ ತಯಾರಿಸಿತು. ಅಮೆರಿಕದಲ್ಲಿ ಅದನ್ನು ಜಾತ್ರೆ ಬಹುಮಾನವಾಗಿ ಕೊಡುತ್ತಿದ್ದರು. ಅದರ ಸಗಟು ಬೆಲೆ ಒಂದು ಡಾಲರಿಗಿಂತ ಕಮ್ಮಿ. ನ್ಯಾನ್ಸಿ ರೆಕ್ಸ್‌ರಾತ್ ಎಂಬ ಛಾಯಾಗ್ರಾಹಕಿ 1970ರ ದಶಕದಲ್ಲಿ ಅದೇ ಡಯಾನಾ ಹಿಡಿದು ಓಹಾಯೋದ ಸಣ್ಣ ಊರುಗಳಲ್ಲಿ ಓಡಾಡಿದರು. ಬಿಳಿ ಮನೆ, ಖಾಲಿ ಅಂಗಳ, ಗಾಳಿಗೆ ಅಲುಗುವ ಮರ. ಅವರ ಆ ಚಿತ್ರಗಳನ್ನು ನೋಡಿದರೆ ಯಾರದೋ ಬಾಲ್ಯದ ಒಳಗೆ ಇಣುಕಿದಂತೆ ಅನಿಸುತ್ತದೆ.

ಹೋಲ್ಗಾ ಬಂದದ್ದು 1982ರಲ್ಲಿ, ಅದೂ ಹಾಂಗ್‌ಕಾಂಗಿನಿಂದಲೇ. ರೂಪಿಸಿದವರು ಟಿ. ಎಂ. ಲೀ. ಚೀನಾದ ಸಾಮಾನ್ಯ ಕುಟುಂಬಗಳಿಗೆ ಕೈಗೆಟುಕುವ ಕ್ಯಾಮೆರಾ ಕೊಡಬೇಕು ಎಂಬುದು ಅವರ ಉದ್ದೇಶ. ಕ್ಯಾಂಟನೀಸ್ ಭಾಷೆಯಲ್ಲಿ 'ಹೋ ಗ್ವಾಂಗ್' ಅಂದರೆ ತುಂಬಾ ಬೆಳಕು. ಆ ಮಾತೇ ಹೋಲ್ಗಾ ಆಯಿತು. ಚೀನಾದಲ್ಲಿ ಬೇಗ 35 ಎಂಎಂ ಫಿಲ್ಮ್ ಬಂದು ಇದಕ್ಕೆ ಅಲ್ಲಿ ಜಾಗ ಇಲ್ಲದಾಯಿತು. ಆದರೆ ಹೊರದೇಶಗಳ ಕಲಾವಿದರು ಕೈಗೆತ್ತಿಕೊಂಡರು. ಸುದ್ದಿ ಛಾಯಾಗ್ರಾಹಕ ಡೇವಿಡ್ ಬರ್ನೆಟ್ 2000ದ ಅಮೆರಿಕ ಅಧ್ಯಕ್ಷ ಚುನಾವಣೆಯಲ್ಲಿ ಅಭ್ಯರ್ಥಿ ಅಲ್ ಗೋರ್ ಅವರನ್ನು ಹೋಲ್ಗಾದಲ್ಲಿ ತೆಗೆದರು. ಆ ಚಿತ್ರಕ್ಕೆ ಮರುವರ್ಷ ಶ್ವೇತಭವನದ ಸುದ್ದಿ ಛಾಯಾಗ್ರಾಹಕರ ಸಂಘದ ಬಹುಮಾನ ಬಂತು. ಸುತ್ತ ಇದ್ದವರ ಕೈಯಲ್ಲಿ ಎಷ್ಟು ದುಬಾರಿ ಕ್ಯಾಮೆರಾಗಳಿದ್ದವು ಎಂದು ಊಹಿಸಿಕೊಳ್ಳಿ. 2015ರಲ್ಲಿ ಉತ್ಪಾದನೆ ನಿಂತಿತ್ತು, 2017ರಲ್ಲಿ ಮತ್ತೆ ಶುರುವಾಯಿತು.

ನಮ್ಮಲ್ಲೂ ಇದರ ನೆಂಟರಿದ್ದಾರೆ. ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್-3 ಎಷ್ಟೋ ಮನೆಗಳ ಅಟ್ಟದಲ್ಲಿ ಇನ್ನೂ ಇರಬಹುದು. ಅದಕ್ಕೂ 120 ಫಿಲ್ಮೇ. ಆಗ ಅದಕ್ಕೆ ಹಾಕುತ್ತಿದ್ದ ಕಪ್ಪುಬಿಳುಪು ರೀಲುಗಳಲ್ಲಿ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ರೀಲೂ ಒಂದು. ಕ್ಲಿಕ್-3 ಸಿಕ್ಕರೆ ಎಸೆಯಬೇಡಿ. ಶಟರ್ ಆಡುತ್ತಿದ್ದರೆ ಈ ಲೇಖನದ ಮುಕ್ಕಾಲು ಭಾಗ ಅದಕ್ಕೂ ಹೊಂದುತ್ತದೆ.

ಹಂತ 1: ಕ್ಯಾಮೆರಾ ಮತ್ತು ಫಿಲ್ಮ್

ಹೊಸದಾಗಿ ಶುರುಮಾಡುವವರು ಹೋಲ್ಗಾ 120ಎನ್ ತಗೊಳ್ಳಿ. 120ಎನ್ ಪ್ಲಾಸ್ಟಿಕ್ ಲೆನ್ಸಿನದು, 120ಜಿಎನ್ ಗಾಜಿನದು. ನಮಗೆ ಬೇಕಾದ ಮೃದುತನ ಬರುವುದು ಪ್ಲಾಸ್ಟಿಕ್ಕಿನಿಂದ. ಸೆಕೆಂಡ್‌ಹ್ಯಾಂಡ್ ತಗೊಳ್ಳುವುದಾದರೆ ಹಿಂಬದಿ ತೆಗೆದು, ಒಳಗಿನಿಂದ ಲೆನ್ಸ್ ಕಡೆ ನೋಡುತ್ತ ಶಟರ್ ಒತ್ತಿ. ಬೆಳಕು ಒಮ್ಮೆ ಮಿಂಚಿ ಮರೆಯಾದರೆ ಸಾಕು, ಕ್ಯಾಮೆರಾ ಜೀವಂತ ಇದೆ.

ಫಿಲ್ಮ್ ಐಎಸ್‌ಒ 400ರದು ಇರಲಿ. ಐಎಸ್‌ಒ ಅಂದರೆ ಫಿಲ್ಮ್ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ಕಮ್ಮಿ ಬೆಳಕು ಸಾಕು. ಕಪ್ಪುಬಿಳುಪಿನಲ್ಲಿ ಇಲ್ಫರ್ಡ್ ಎಚ್‌ಪಿ5 ಪ್ಲಸ್ ಅಥವಾ ಕೊಡಾಕ್ ಟ್ರೈ-ಎಕ್ಸ್, ಬಣ್ಣದಲ್ಲಿ ಕೊಡಾಕ್ ಪೋರ್ಟ್ರಾ 400. ಸ್ಲೈಡ್ ಫಿಲ್ಮ್ (ನೆಗೆಟಿವ್ ಬದಲು ನೇರ ಚಿತ್ರವೇ ಮೂಡುವ ಫಿಲ್ಮ್) ಬೇಡ. ಅದಕ್ಕೆ ಬೆಳಕು ಲೆಕ್ಕವಾಗಿ ಬೀಳಬೇಕು, ಈ ಕ್ಯಾಮೆರಾದಲ್ಲಿ ಅಷ್ಟು ಹಿಡಿತ ಇಲ್ಲ. ರೀಲುಗಳನ್ನು ಫ್ರಿಜ್ಜಿನಲ್ಲಿಡಿ, ಹಾಕುವ ಒಂದು ಗಂಟೆ ಮೊದಲು ಹೊರಗೆ ತೆಗೆಯಿರಿ. ತಣ್ಣಗಿರುವಾಗಲೇ ಬಿಚ್ಚಿದರೆ ಕರಾವಳಿ, ಮಲೆನಾಡಿನ ಹವೆಯಲ್ಲಿ ಫಿಲ್ಮಿನ ಮೇಲೆ ನೀರಿನ ಪಸೆ ಕೂರುತ್ತದೆ.

ಹಂತ 2: ಕ್ಯಾಮೆರಾ ಸಿದ್ಧಮಾಡುವುದು

ಎಲೆಕ್ಟ್ರಿಕ್ ಅಂಗಡಿಯಲ್ಲಿ ಸಿಗುವ ಕಪ್ಪು ಇನ್ಸುಲೇಷನ್ ಟೇಪು ಒಂದು ಸುರುಳಿ ತನ್ನಿ. ಹೋಲ್ಗಾದ ಹಿಂಬದಿಯ ಮುಚ್ಚಳವನ್ನು ಹಿಡಿದಿರುವುದು ಎರಡು ತೆಳು ಲೋಹದ ಕ್ಲಿಪ್ಪುಗಳು ಮಾತ್ರ. ಹೆಗಲಿಗೆ ಹಾಕಿ ನಡೆಯುವಾಗ ಅವು ಮೆಲ್ಲಗೆ ಮೇಲೆ ಜಾರುತ್ತವೆ, ಒಂದು ದಿನ ಮುಚ್ಚಳವೇ ಕಳಚಿ ಬೀಳುತ್ತದೆ. ಎರಡೂ ಕ್ಲಿಪ್ಪುಗಳ ಮೇಲೆ ಟೇಪು ಸುತ್ತಿ. ಮುಚ್ಚಳದ ಸಂದಿನ ಉದ್ದಕ್ಕೂ ಒಂದು ಪಟ್ಟಿ ಅಂಟಿಸಿ.

ಹಿಂಬದಿಯಲ್ಲಿ ಒಂದು ಕೆಂಪು ಕಿಟಕಿ ಇದೆ. ಫೋಟೋ ನಂಬರು ಕಾಣುವುದು ಅದರಲ್ಲೇ. ನಮ್ಮ ಬಿಸಿಲಿಗೆ ಆ ಕೆಂಪು ಸಾಲದು, ಬೆಳಕು ಒಳಗೆ ಇಳಿಯುತ್ತದೆ. ಅದರ ಮೇಲೆ ತುದಿ ಮಡಚಿದ ಒಂದು ಟೇಪು ತುಂಡು ಇಡಿ, ಬಾಗಿಲಿನ ಹಾಗೆ. ನಂಬರು ನೋಡುವಾಗ ಎತ್ತಿ, ನೋಡಿದ ಮೇಲೆ ಮುಚ್ಚಿ.

ಬೆಳಕು ಸೋರಿ ಬೀಳುವ ಕೆಂಪು, ಕಿತ್ತಳೆ ಪಟ್ಟೆಗಳೇ ಇಂಥ ಕ್ಯಾಮೆರಾದ ಅಂದ ಎಂದು ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮೊದಲ ಎರಡು ಮೂರು ರೀಲು ಸೋರಿಕೆ ಪೂರ್ತಿ ಮುಚ್ಚಿ ತೆಗೆಯಿರಿ. ಲೆನ್ಸ್ ಏನು ಮಾಡುತ್ತದೆ, ಸೋರಿಕೆ ಏನು ಮಾಡುತ್ತದೆ ಎಂದು ಬೇರೆ ಬೇರೆಯಾಗಿ ಗೊತ್ತಾಗಲಿ. ಆಮೇಲೆ ಬೇಕಿದ್ದರೆ ಒಂದು ಮೂಲೆಯ ಟೇಪು ಕಿತ್ತು ನೋಡಿ.

ಕ್ಯಾಮೆರಾ ಒಳಗೆ ಒಂದು ಪ್ಲಾಸ್ಟಿಕ್ ಚೌಕಟ್ಟು ಇರುತ್ತದೆ. ಚೌಕದ್ದು ಹಾಕಿದರೆ 6×6 ಸೆಂಟಿಮೀಟರಿನ 12 ಫೋಟೋ, ಉದ್ದದ್ದು ಹಾಕಿದರೆ 6×4.5ರ 16 ಫೋಟೋ. ಚೌಕದ್ದನ್ನೇ ಹಾಕಿ. ಮೂಲೆಗಳ ಕತ್ತಲು ಪೂರ್ತಿಯಾಗಿ ಸಿಗುವುದು ಅದರಲ್ಲಿ. ಈಗ ಕೆಂಪು ಕಿಟಕಿಯ ಪಕ್ಕದ ಬಾಣವನ್ನು ನೋಡಿ, ಅದು 12ರ ಕಡೆಗೆ ಇರಬೇಕು. 16ರ ಕಡೆಗೆ ಇದ್ದರೆ ಫೋಟೋಗಳು ಒಂದರ ಮೇಲೊಂದು ಏರುತ್ತವೆ.

ಹಂತ 3: ರೀಲು ಹಾಕುವುದು

ನೆರಳಿನಲ್ಲಿ ನಿಂತು ಹಾಕಿ. 120 ಫಿಲ್ಮಿಗೆ 35 ಎಂಎಂ ರೀಲಿನ ಹಾಗೆ ಡಬ್ಬಿ ಇರುವುದಿಲ್ಲ. ಉದ್ದ ಕಾಗದಕ್ಕೆ ಫಿಲ್ಮ್ ಅಂಟಿಸಿ ಸುರುಳಿ ಸುತ್ತಿರುತ್ತಾರೆ, ಅಷ್ಟೇ.

ಹಿಂಬದಿ ನಿಮ್ಮ ಕಡೆ ಇರಲಿ. ಹೊಸ ರೀಲು ಎಡಕ್ಕೆ, ಖಾಲಿ ಸ್ಪೂಲು ಬಲಕ್ಕೆ, ಅಂದರೆ ಸುತ್ತುವ ಗುಂಡಿಯ ಕೆಳಗೆ. ಕಾಗದದ ತುದಿಯನ್ನು ಎಳೆದು ಖಾಲಿ ಸ್ಪೂಲಿನ ಸೀಳಿಗೆ ತೂರಿಸಿ. ಕಾಗದದ ಕಪ್ಪು ಮುಖ ಲೆನ್ಸ್ ಕಡೆಗೆ, ನಂಬರು ಇರುವ ಮುಖ ನಿಮ್ಮ ಕಡೆಗೆ. ಎರಡು ಸುತ್ತು ಸುತ್ತಿ ಕಾಗದ ನೇರವಾಗಿ ಹೋಗುತ್ತಿದೆಯೇ ನೋಡಿ.

ಇಲ್ಲಿ ಒಂದು ಉಪಾಯ ಹೇಳುತ್ತೇನೆ. ಹೋಲ್ಗಾದಲ್ಲಿ ರೀಲನ್ನು ಬಿಗಿ ಹಿಡಿಯುವ ವ್ಯವಸ್ಥೆ ಸಾಲದು. ಸುತ್ತುತ್ತ ಹೋದಂತೆ ಬಲಗಡೆಯ ಸುರುಳಿ ಸಡಿಲವಾಗಿ, ಹೊಟ್ಟೆ ಊದಿದಂತಾಗಿ, ಅಂಚಿನಿಂದ ಬೆಳಕು ನುಗ್ಗುತ್ತದೆ. ಫಿಲ್ಮ್ ಬಂದ ರಟ್ಟಿನ ಪೊಟ್ಟಣವನ್ನೇ ಹರಿದು, ಒಂದು ತುಂಡನ್ನು ಮಡಚಿ, ಎಡಗಡೆಯ ರೀಲಿನ ಹಿಂದೆ ಒತ್ತಿಕೊಳ್ಳುವ ಹಾಗೆ ಇಡಿ. ರೀಲಿಗೆ ಸ್ವಲ್ಪ ತಡೆ ಸಿಗುತ್ತದೆ, ಸುರುಳಿ ಬಿಗಿಯಾಗಿ ಬರುತ್ತದೆ.

ಮುಚ್ಚಳ ಹಾಕಿ, ಟೇಪು ಅಂಟಿಸಿ, ಗುಂಡಿ ತಿರುಗಿಸಿ. ಕಿಟಕಿಯಲ್ಲಿ ಮೊದಲು ಬಾಣ, ಚುಕ್ಕೆಗಳು ಹಾದುಹೋಗುತ್ತವೆ. 1 ಬಂದಾಗ ನಿಲ್ಲಿಸಿ. ಗುಂಡಿ ಹಿಂದಕ್ಕೆ ತಿರುಗುವುದಿಲ್ಲ, ಆದ್ದರಿಂದ ಕೊನೆಕೊನೆಗೆ ನಿಧಾನ.

ಹಂತ 4: ಬೆಳಕಿನ ಲೆಕ್ಕ

ಹೋಲ್ಗಾದಲ್ಲಿ ಬೆಳಕು ಅಳೆಯುವ ಮೀಟರ್ ಇಲ್ಲ. ಶಟರ್ ವೇಗ ಒಂದೇ, ಸೆಕೆಂಡಿನ ಸುಮಾರು ನೂರನೇ ಒಂದು ಭಾಗ. ಲೆನ್ಸಿನ ಮೇಲೆ ಸೂರ್ಯ, ಮೋಡದ ಚಿತ್ರವಿರುವ ಸ್ವಿಚ್ ಇದೆ. ಹಳೆಯ ಹೋಲ್ಗಾಗಳಲ್ಲಿ ಅದನ್ನು ಎತ್ತ ತಳ್ಳಿದರೂ ಬೆಳಕು ಒಳಬರುವ ತೂತಿನ ಅಳತೆ ಒಂದೇ, ಹೆಚ್ಚುಕಮ್ಮಿ ಎಫ್/13 (ಎಫ್ ಸಂಖ್ಯೆ ದೊಡ್ಡದಾದಷ್ಟೂ ತೂತು ಸಣ್ಣದು). ಹಾಗಾಗಿ ಆ ಸ್ವಿಚ್ಚನ್ನು ಜಾಸ್ತಿ ನಂಬಬೇಡಿ.

ಹಳೆಯ ಫೋಟೋಗ್ರಾಫರುಗಳ ಬಾಯಲ್ಲಿ ಒಂದು ಸೂತ್ರವಿತ್ತು. ಚೆನ್ನಾಗಿ ಬಿಸಿಲಿದ್ದರೆ ಎಫ್/16 ಇಡು, ಶಟರ್ ವೇಗ ಐಎಸ್‌ಒ ಎಷ್ಟಿದೆಯೋ ಅಷ್ಟೇ ಇಡು. ಅಂದರೆ ಐಎಸ್‌ಒ 100 ಫಿಲ್ಮಿಗೆ 1/100 ಸೆಕೆಂಡ್, ಎಫ್/16. ಹೋಲ್ಗಾದ 1/100, ಎಫ್/13 ಇದಕ್ಕೆ ತೀರಾ ಹತ್ತಿರ. ಹಾಗಾದರೆ ಬಿಸಿಲಿಗೆ 100ರ ಫಿಲ್ಮೇ ಸರಿ, ಅಲ್ವಾ? ಲೆಕ್ಕಕ್ಕೆ ಸರಿ. ಆದರೆ ನಾವು ಬಿಸಿಲಲ್ಲೇ ನಿಲ್ಲುವುದಿಲ್ಲ. ಮೋಡ ಬರುತ್ತದೆ, ತೋಟದ ಒಳಗೆ ಹೋಗುತ್ತೇವೆ, ಜಗಲಿಗೆ ಬರುತ್ತೇವೆ.

400ರ ಫಿಲ್ಮ್ ಹಾಕಿದರೆ ಹೀಗಾಗುತ್ತದೆ. ಮೋಡ ಕವಿದ ದಿನ ಬೆಳಕು ಸರಿಯಾಗಿ ಬೀಳುತ್ತದೆ. ನೆರಳಿನಲ್ಲಿ ಸ್ವಲ್ಪ ಕಮ್ಮಿ, ಆದರೂ ಚಿತ್ರ ಬರುತ್ತದೆ. ಕಡು ಬಿಸಿಲಲ್ಲಿ ಎರಡೂವರೆ ಸ್ಟಾಪ್‌ನಷ್ಟು ಜಾಸ್ತಿ (ಒಂದು ಸ್ಟಾಪ್ ಜಾಸ್ತಿ ಅಂದರೆ ಬೆಳಕು ಎರಡರಷ್ಟು). ನೆಗೆಟಿವ್ ಫಿಲ್ಮ್ ಆ ಜಾಸ್ತಿಯನ್ನು ತಡೆದುಕೊಳ್ಳುತ್ತದೆ, ಕಮ್ಮಿಯಾದರೆ ಮಾತ್ರ ಕ್ಷಮಿಸುವುದಿಲ್ಲ. ಬೆಳಕು ಬೀಳದ ಜಾಗದಲ್ಲಿ ನೆಗೆಟಿವ್ ಖಾಲಿ ಇರುತ್ತದೆ, ಏನೂ ಇಲ್ಲದ ಕಡೆಯಿಂದ ಯಾರೂ ಏನನ್ನೂ ಎಳೆಯಲಾರರು. ಅನುಮಾನ ಬಂದಾಗ ಬೆಳಕಿನ ಕಡೆಗೆ ಒಂದು ಹೆಜ್ಜೆ ಹೋಗಿ.

ಮನೆಯ ಒಳಗೆ? ಲೆನ್ಸಿನ ಕೆಳಗೆ ಎನ್ ಮತ್ತು ಬಿ ಎಂದು ಬರೆದ ಸಣ್ಣ ಸ್ವಿಚ್ ಇದೆ. ಬಿ ಗೆ ತಳ್ಳಿದರೆ ನೀವು ಒತ್ತಿ ಹಿಡಿದಷ್ಟು ಹೊತ್ತು ಶಟರ್ ತೆರೆದೇ ಇರುತ್ತದೆ. ಕ್ಯಾಮೆರಾವನ್ನು ಮೇಜಿನ ಮೇಲೋ ಟ್ರೈಪಾಡಿನ ಮೇಲೋ ಇಟ್ಟು, ಕಿಟಕಿ ಬೆಳಕಿನ ಕೋಣೆಯಲ್ಲಿ ಒಂದು ಸೆಕೆಂಡಿನಿಂದ ಶುರುಮಾಡಿ. ಮುಗಿದ ಕೂಡಲೇ ಸ್ವಿಚ್ಚನ್ನು ಎನ್ ಗೆ ತನ್ನಿ. ಮರೆತರೆ ಮುಂದಿನ ಫೋಟೋಗಳೆಲ್ಲ ಅಲುಗಿ ಹೋಗುತ್ತವೆ. ನನ್ನ ಒಂದು ಇಡೀ ರೀಲು, ಅದೂ ಸೋದರಮಾವನ ಮಗಳ ಮದುವೆಯದ್ದು, ಹೀಗೆಯೇ ಹೋಯಿತು. ಇವತ್ತಿಗೂ ಬೇಜಾರಿದೆ. ಅವತ್ತಿನಿಂದ ಕ್ಯಾಮೆರಾ ಎತ್ತುವ ಮೊದಲು ಆ ಸ್ವಿಚ್ಚನ್ನು ಬೆರಳಲ್ಲಿ ಮುಟ್ಟಿ ನೋಡುತ್ತೇನೆ.

ಹಂತ 5: ದೂರ ಅಳೆಯುವುದು

ಲೆನ್ಸಿನ ಸುತ್ತ ನಾಲ್ಕು ಚಿತ್ರಗಳಿವೆ: ಒಬ್ಬ ಮನುಷ್ಯ, ಸಣ್ಣ ಕುಟುಂಬ, ಗುಂಪು, ಬೆಟ್ಟ. ಕ್ರಮವಾಗಿ ಸುಮಾರು 1 ಮೀಟರ್, 2 ಮೀಟರ್, 6 ಮೀಟರ್, 10 ಮೀಟರ್ ಮತ್ತು ಅದರಾಚೆ. ಎಷ್ಟು ಜನರಿದ್ದಾರೆ ಎಂದು ಎಣಿಸಿ ತಿರುಗಿಸಬೇಡಿ, ಅದು ದೂರದ ಗುರುತು ಮಾತ್ರ.

ದೂರಕ್ಕೆ ನಮ್ಮ ಹಳೆಯ ಅಳತೆಗಳೇ ಸಾಕು. ಎರಡು ಮೊಳಕ್ಕಿಂತ ಚೂರು ಜಾಸ್ತಿ ಅಂದರೆ ಒಂದು ಮೀಟರ್. ಒಂದು ಮಾರಿಗಿಂತ ಚೂರು ಜಾಸ್ತಿ ಅಂದರೆ ಎರಡು ಮೀಟರ್. ತೀರಾ ಮುಖ್ಯವಾದದ್ದು ಈ ಎರಡೇ. ಹತ್ತಿರ ಇದ್ದಾಗ ಒಂದು ಅಡಿ ತಪ್ಪಿದರೂ ಕಾಣುತ್ತದೆ. ಆರು ಮೀಟರಿನ ಆಚೆ ಅಂದಾಜು ತಪ್ಪಿದರೂ ನಡೆಯುತ್ತದೆ. ಅಜ್ಜಿಯ ಫೋಟೋಗೆ ನಾನು ಕುಕ್ಕರಗಾಲಲ್ಲಿ ಕೂತು, ಕೈ ಚಾಚಿ, ಬೆರಳ ತುದಿಯಿಂದ ಅವರ ಮೊಣಕಾಲಿಗೆ ಇನ್ನೂ ಎಷ್ಟು ಜಾಗ ಇದೆ ಎಂದು ನೋಡಿಕೊಂಡಿದ್ದೆ. 'ಎಂತ ಮಾಡ್ತಿದ್ದೀಯ ಮಾರಾಯ' ಎಂದು ಕೇಳಿ ಅವರು ಮತ್ತೆ ಕೆಲಸಕ್ಕೆ ಬಾಗಿದರು. ಆಗ ಒತ್ತಿದೆ.

ವ್ಯೂಫೈಂಡರ್ ಲೆನ್ಸಿನ ಮೂಲಕ ನೋಡುವುದಿಲ್ಲ, ಅದು ಮೇಲೊಂದು ಬೇರೆ ಕಿಂಡಿ. ಇದರಿಂದ ಮೂರು ವಿಷಯ ನೆನಪಿಡಬೇಕು. ಲೆನ್ಸಿನ ಮುಚ್ಚಳ ತೆಗೆಯದಿದ್ದರೂ ಕಿಂಡಿಯಲ್ಲಿ ಎಲ್ಲವೂ ಚೆನ್ನಾಗಿ ಕಾಣುತ್ತದೆ. ಹಾಗಾಗಿ ಮುಚ್ಚಳವನ್ನು ಮನೆಯಲ್ಲೇ ಬಿಟ್ಟು ಬನ್ನಿ. ಕಿಂಡಿಯಲ್ಲಿ ಕಾಣುವುದಕ್ಕಿಂತ ಜಾಸ್ತಿ ಜಾಗ ಫಿಲ್ಮಿನ ಮೇಲೆ ಬೀಳುತ್ತದೆ, ಆದ್ದರಿಂದ ಅರ್ಧ ಹೆಜ್ಜೆ ಮುಂದೆ ಹೋಗಿ. ತೀರಾ ಹತ್ತಿರದ ಫೋಟೋಗೆ ಕ್ಯಾಮೆರಾವನ್ನು ಸ್ವಲ್ಪ ಮೇಲಕ್ಕೆ ಎತ್ತಿ, ಇಲ್ಲದಿದ್ದರೆ ತಲೆ ಕತ್ತರಿಸಿ ಹೋಗುತ್ತದೆ.

ಹಂತ 6: ಈ ಲೆನ್ಸಿಗೆ ಏನು ಒಗ್ಗುತ್ತದೆ

ದುಬಾರಿ ಲೆನ್ಸಿನಲ್ಲಿ ಹಲವು ಗಾಜುಗಳಿರುತ್ತವೆ. ಒಂದರ ತಪ್ಪನ್ನು ಇನ್ನೊಂದು ತಿದ್ದುತ್ತದೆ. ಹೋಲ್ಗಾದಲ್ಲಿ ಇರುವುದು 60 ಎಂಎಂನ ಒಂದೇ ಒಂದು ಪ್ಲಾಸ್ಟಿಕ್ ತುಂಡು, ತಿದ್ದುವವರು ಯಾರೂ ಇಲ್ಲ. ನಡುವಿನ ಬೆಳಕು ಫಿಲ್ಮಿನ ಮೇಲೆ ಸರಿಯಾಗಿ ಕೂಡುತ್ತದೆ. ಅಂಚಿನ ಬೆಳಕು ಫಿಲ್ಮಿಗಿಂತ ಮುಂಚೆಯೇ ಕೂಡಿಬಿಡುತ್ತದೆ. ಅದಕ್ಕೇ ನಡುವೆ ಸ್ಪಷ್ಟ, ಅಂಚು ಮಸುಕು. ಲೆನ್ಸ್ ಬೀರುವ ಬೆಳಕಿನ ವೃತ್ತ ಚೌಕದ ಮೂಲೆಗಳವರೆಗೆ ಸರಿಯಾಗಿ ಮುಟ್ಟುವುದಿಲ್ಲ, ಅದಕ್ಕೇ ಮೂಲೆಗಳಲ್ಲಿ ಕತ್ತಲು. ಫೋನಿನ ಫಿಲ್ಟರ್ ಎಲ್ಲ ಚಿತ್ರಕ್ಕೂ ಒಂದೇ ಕತ್ತಲನ್ನು ಬಳಿಯುತ್ತದೆ. ಇಲ್ಲಿ ಹಾಗಲ್ಲ. ಬಿಳಿ ಆಕಾಶದ ಮುಂದೆ ಮೂಲೆ ಎದ್ದು ಕಾಣುತ್ತದೆ, ಮರಗಳ ನಡುವೆ ಗೊತ್ತೇ ಆಗದಂತೆ ಬೆರೆತುಹೋಗುತ್ತದೆ.

ನಾವು ಏನನ್ನಾದರೂ ನೆನಪಿಸಿಕೊಳ್ಳುವಾಗಲೂ ಹೀಗೇ ಅಲ್ವಾ? ಅಜ್ಜಿಯ ಕೈ ಗೊತ್ತು, ಹಿಂದಿನ ಗೋಡೆ ಗೊತ್ತಿಲ್ಲ. ಈ ಕ್ಯಾಮೆರಾ ನನಗೆ ಇಷ್ಟವಾಗುವುದು ಇದಕ್ಕೇ.

ಹಾಗಾಗಿ ಮುಖ್ಯವಾದದ್ದನ್ನು ನಡುವೆ ಇಡಿ. ಬೇರೆ ಕಡೆ ನಡುವೆ ಇಡಬೇಡಿ ಎಂದು ಕಲಿಸುತ್ತಾರೆ, ಇಲ್ಲಿ ಆ ಪಾಠ ಬದಿಗಿಡಿ. ಸರಳ ಆಕಾರ ಹುಡುಕಿ: ಒಂದು ಮರ, ಒಂದು ಬಾಗಿಲು, ನಿಂತ ದೋಣಿ. ಸಣ್ಣ ಸಣ್ಣ ವಿವರ ತುಂಬಿದ ದೃಶ್ಯ, ಉದಾಹರಣೆಗೆ ದೇವಸ್ಥಾನದ ಕೆತ್ತನೆ, ಇದರಲ್ಲಿ ಬರೀ ಗಲಿಬಿಲಿಯಾಗುತ್ತದೆ. ಬೆಳಗಿನ ಮಂಜು, ಹೊಗೆ, ಎದುರು ಬೆಳಕು ಚೆನ್ನಾಗಿ ಒಗ್ಗುತ್ತವೆ.

ಹಂತ 7: ಒಂದರ ಮೇಲೊಂದು

ಹೋಲ್ಗಾದಲ್ಲಿ ಫಿಲ್ಮ್ ಸುತ್ತದೆಯೇ ಎಷ್ಟು ಸಲ ಬೇಕಾದರೂ ಶಟರ್ ಒತ್ತಬಹುದು, ಯಾವುದೂ ತಡೆಯುವುದಿಲ್ಲ. ಬೇಡದಾಗ ಇದು ತೊಂದರೆ. ಒತ್ತಿದ ತಕ್ಷಣ ಸುತ್ತುವುದನ್ನು ಅಭ್ಯಾಸ ಮಾಡಿಕೊಳ್ಳಿ. ಬೇಕಾದಾಗ ಮಾತ್ರ ಅದನ್ನು ಮುರಿಯಿರಿ.

ಎರಡು ಚಿತ್ರ ಬೆರೆಸುವಾಗ ಒಂದು ವಿಷಯ ಗೊತ್ತಿರಬೇಕು: ಮೊದಲ ಚಿತ್ರದ ಕತ್ತಲಿನಲ್ಲಿ ಎರಡನೆಯದು ಬಂದು ಕೂರುತ್ತದೆ. ಬಿಳಿಯಾದ ಜಾಗದಲ್ಲಿ ಮತ್ತೇನೂ ಕಾಣುವುದಿಲ್ಲ. ಹೀಗೆ ಮಾಡಿ ನೋಡಿ. ಯಾರನ್ನಾದರೂ ಬಿಳಿ ಆಕಾಶದ ಎದುರು ಪಕ್ಕಕ್ಕೆ ತಿರುಗಿ ನಿಲ್ಲಿಸಿ, ಮುಖ ಪೂರ್ತಿ ಕಪ್ಪು ನೆರಳಾಗಿ ಕಾಣಲಿ. ಒತ್ತಿ. ಸುತ್ತಬೇಡಿ. ಈಗ ಅಡಿಕೆ ಸೋಗೆಯನ್ನೋ ಒಣಗಲು ಹರಡಿದ ಅಡಿಕೆಯನ್ನೋ ಚೌಕದ ತುಂಬ ಬರುವಂತೆ ತೆಗೆಯಿರಿ. ಮುಖದ ಆಕಾರದೊಳಗೆ ಸೋಗೆ ತುಂಬಿಕೊಳ್ಳುತ್ತದೆ.

ಇನ್ನೊಂದು ದಾರಿ, ಉದ್ದ ಪಟ್ಟಿ. ಚೌಕದ ಚೌಕಟ್ಟೇ ಇರಲಿ, ಬಾಣವನ್ನು ಬೇಕೆಂದೇ 16ಕ್ಕೆ ತಿರುಗಿಸಿ. ಸಂತೆಯ ಸಾಲನ್ನು ಎಡದಿಂದ ಬಲಕ್ಕೆ ಸ್ವಲ್ಪ ಸ್ವಲ್ಪವೇ ಸರಿಯುತ್ತ ತೆಗೆಯಿರಿ. ಫೋಟೋಗಳ ಅಂಚುಗಳು ಒಂದರೊಳಗೊಂದು ಸೇರಿ ರೀಲುದ್ದದ ಒಂದೇ ಚಿತ್ರವಾಗುತ್ತದೆ.

ಹಂತ 8: ರೀಲು ತೆಗೆದು ತೊಳೆಯುವುದು

ಹನ್ನೆರಡು ಮುಗಿದ ಮೇಲೆ ಗುಂಡಿ ಹಗುರವಾಗುವವರೆಗೆ ಸುತ್ತಿ. ನೆರಳಿನಲ್ಲಿ ತೆರೆಯಿರಿ. ಸುರುಳಿಯನ್ನು ಬಿಡದೆ ಬಿಗಿಯಾಗಿ ಹಿಡಿದು, ಅಂಟು ಪಟ್ಟಿಯನ್ನು ಒದ್ದೆ ಮಾಡಿ ಅಂಟಿಸಿ. ಸಡಿಲ ಅನಿಸಿದರೆ ಕೂಡಲೇ ಅಲ್ಯೂಮಿನಿಯಂ ಫಾಯಿಲ್ ಸುತ್ತಿ.

ಬಣ್ಣದ ರೀಲನ್ನು ಲ್ಯಾಬಿಗೆ ಕೊಡಿ. ಕಪ್ಪುಬಿಳುಪನ್ನು ಮನೆಯಲ್ಲೇ ತೊಳೆಯಬಹುದು. ಬೇಕಾದದ್ದು ಕತ್ತಲ ಚೀಲ, ಬೆಳಕು ಹೋಗದ ಒಂದು ಡೆವಲಪಿಂಗ್ ಟ್ಯಾಂಕ್, ಡಿ-76 ಡೆವಲಪರ್ (ಚಿತ್ರ ಮೂಡಿಸುವ ದ್ರಾವಣ), ಫಿಕ್ಸರ್ (ಮೂಡಿದ ಚಿತ್ರವನ್ನು ಉಳಿಸುವ ದ್ರಾವಣ), ಥರ್ಮಾಮೀಟರ್. ಚೀಲದೊಳಗೆ ಕೈ ಹಾಕಿ, ಕಾಗದದಿಂದ ಫಿಲ್ಮ್ ಬೇರ್ಪಡಿಸಿ, ಟ್ಯಾಂಕಿನ ರೀಲಿಗೆ ಸುತ್ತುವುದೇ ಕಷ್ಟದ ಕೆಲಸ. ಹಾಳಾದ ಒಂದು ಫಿಲ್ಮನ್ನು ಬೆಳಕಿನಲ್ಲಿ ಹತ್ತು ಸಲ ಸುತ್ತಿ, ಆಮೇಲೆ ಕಣ್ಣು ಮುಚ್ಚಿ ಹತ್ತು ಸಲ ಸುತ್ತಿ.

ಎಚ್‌ಪಿ5 ಪ್ಲಸ್‌ಗೆ ನೀರು ಬೆರೆಸದ ಡಿ-76ರಲ್ಲಿ 20 ಡಿಗ್ರಿಗೆ ಏಳೂವರೆ ನಿಮಿಷ. ನಮ್ಮ ನಲ್ಲಿ ನೀರು ಬೇಸಿಗೆಯಲ್ಲಿ ಇದಕ್ಕಿಂತ ಎಷ್ಟೋ ಬೆಚ್ಚಗಿರುತ್ತದೆ. ಡೆವಲಪರ್ ಬಾಟಲಿಯನ್ನು ಐಸ್ ಹಾಕಿದ ಬಕೆಟಿನಲ್ಲಿ ನಿಲ್ಲಿಸಿ, 20ಕ್ಕೆ ಇಳಿದಾಗ ಸುರಿಯಿರಿ. ಐಸನ್ನು ಡೆವಲಪರಿನೊಳಗೇ ಹಾಕಬೇಡಿ, ತೆಳುವಾಗುತ್ತದೆ. ಮೊದಲ ಹತ್ತು ಸೆಕೆಂಡ್, ಆಮೇಲೆ ಪ್ರತಿ ನಿಮಿಷಕ್ಕೊಮ್ಮೆ ಹತ್ತು ಸೆಕೆಂಡ್ ಟ್ಯಾಂಕನ್ನು ಮೆಲ್ಲಗೆ ಮಗುಚಿ. ಡೆವಲಪರ್ ಚೆಲ್ಲಿ, ನೀರಲ್ಲಿ ಕುಲುಕಿ, ಫಿಕ್ಸರ್ ಐದು ನಿಮಿಷ. ಆಮೇಲೆ ನೀರು ಬದಲಿಸುತ್ತ ಚೆನ್ನಾಗಿ ತೊಳೆದು, ಬಚ್ಚಲುಮನೆಯಲ್ಲಿ ಕ್ಲಿಪ್ ಹಾಕಿ ನೇತುಹಾಕಿ. ಫ್ಯಾನ್ ಹಾಕಬೇಡಿ, ಧೂಳು ಕೂರುತ್ತದೆ.

ಹಂತ 9: ನೋಡುವುದು, ಇಟ್ಟುಕೊಳ್ಳುವುದು

ಸ್ಕ್ಯಾನರ್ ಇಲ್ಲದಿದ್ದರೆ ಲೈಟ್ ಪ್ಯಾಡಿನ ಮೇಲೆ ನೆಗೆಟಿವ್ ಇಟ್ಟು ಕ್ಯಾಮೆರಾದಲ್ಲೋ ಫೋನಿನಲ್ಲೋ ತೆಗೆದು, ಬಣ್ಣ ತಿರುಗಿಸಿಕೊಳ್ಳಬಹುದು. ಧೂಳಿನ ಚುಕ್ಕೆ ತೆಗೆಯಿರಿ. ಮೂಲೆಗಳನ್ನು ಬೆಳಗಿಸಬೇಡಿ, ಅಂಚನ್ನು ಹರಿತ ಮಾಡಬೇಡಿ.

ಹನ್ನೆರಡನ್ನೂ ಒಂದೇ ಹಾಳೆಯಲ್ಲಿ ಸಣ್ಣದಾಗಿ ಪ್ರಿಂಟ್ ಹಾಕಿಸಿ, ಒಂದು ವಾರ ಕಣ್ಣೆದುರು ಇಟ್ಟುಕೊಳ್ಳಿ. ಮೊದಲ ದಿನ ಹಿಡಿಸಿದ್ದು ಏಳನೇ ದಿನವೂ ಹಿಡಿಸಿದರೆ ಅದನ್ನು ದೊಡ್ಡದು ಮಾಡಿಸಿ. ನನ್ನ ಲೆಕ್ಕದಲ್ಲಿ ಒಂದು ರೀಲಿಗೆ ಅಂಥದ್ದು ಎರಡು ಸಿಕ್ಕರೆ ತುಂಬಾ ಆಯಿತು. ಪ್ರಿಂಟಿನ ಹಿಂದೆ ದಿನ, ಜಾಗ, ಬೆಳಕು ಹೇಗಿತ್ತು, ಯಾವ ಗುರುತಿಗೆ ಲೆನ್ಸ್ ತಿರುಗಿಸಿದ್ದಿರಿ ಎಂದು ಪೆನ್ಸಿಲಿನಲ್ಲಿ ಬರೆಯಿರಿ. ಅಜ್ಜಿಯ ಫೋಟೋದ ಹಿಂದೆ ಹೀಗಿದೆ: 'ಜಗಲಿ, ಮಧ್ಯಾಹ್ನ ಮೂರೂವರೆ, ಮೋಡ, ಒಬ್ಬ ಮನುಷ್ಯನ ಗುರುತು, ಕೈ ಚಾಚಿ ಒಂದು ಗೇಣು ಬಾಕಿ.'